ಮೂರು ಸಲ ಮಾರಾಟವಾದ ಕಾಯಿ

ಬೆಂಗಳೂರಿನ ಕುರುಬರಹಳ್ಳಿಯವರು ಗುಬ್ಬಿಗೆ ಹೋಗಬೇಕಾದರೆ ಗೊರಗುಂಟೆಪಾಳ್ಯದಲ್ಲಿ ನಿಂತು ಬಸ್ಸು ಹಿಡಿಯುವುದು ರೂಢಿ. ಗುಬ್ಬಿ ಎಂದರೆ ನಮಗೆಲ್ಲ ವೀರಣ್ಣನವರು, ನಾಟಕ ಕಂಪನಿ. ಆ ಕಂಪನಿ ಹುಟ್ಟಿದ್ದು 1884ರಲ್ಲಿ. ಅದಕ್ಕೂ ಅರ್ಧ ಶತಮಾನದಷ್ಟು ಹಿಂದೆಯೇ, 1837ರಲ್ಲಿ, ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಥಾಮಸ್ ಹಾಡ್ಸನ್ ಚನ್ನಬಸವೇಶ್ವರನ ಆ ಊರಿನಲ್ಲಿ ಬಿಡಾರ ಹೂಡಿದ್ದರು. (ನಮ್ಮ ಹಡ್ಸನ್ ಸರ್ಕಲ್ಲಿನ ಹಡ್ಸನ್ ಬೇರೆ. ಅವರು ಜೋಸಾಯ, ಅವರ ನೆನಪಿನ ಚರ್ಚು ಎದ್ದದ್ದು 1904ರಲ್ಲಿ. ಇಬ್ಬರನ್ನೂ ಒಬ್ಬರೆಂದುಕೊಂಡು ನಾನೇ ಒಮ್ಮೆ ಮುಗ್ಗರಿಸಿದ್ದೇನೆ.)

1839ರಲ್ಲಿ ಗುಬ್ಬಿಗೆ ಬಂದ ಐರಿಷ್ ಹುಡುಗ ವಿಲಿಯಂ ಆರ್ಥರ್‌ಗೆ ಆಗ ಇಪ್ಪತ್ತು ವಯಸ್ಸು. ಕಣ್ಣು ಕೈಕೊಟ್ಟು ಎರಡೇ ವರ್ಷಕ್ಕೆ ಹಿಂತಿರುಗಿದರೂ 1847ರಲ್ಲಿ ಮೈಸೂರು ಸೀಮೆಯ ಬಗ್ಗೆ ದಪ್ಪ ಪುಸ್ತಕ ಬರೆದರು. ಹಾಡ್ಸನ್ ಕೂಡ 1877ರಲ್ಲಿ ಗುಬ್ಬಿ ಸೀಮೆಯ ಹಳ್ಳಿಯಲ್ಲಿ ಮತಾಂತರವಾದ ದಾನಿಯೇಲ ಎಂಬ ಮುದುಕನ ಕಥೆ ಅಚ್ಚು ಹಾಕಿಸಿದರು. ಮೈಸೂರು ಸೀಮೆಯನ್ನು ಬರ ತಿನ್ನುತ್ತಿದ್ದ ವರ್ಷ ಅದು; ತಬ್ಬಲಿ ಗಂಡುಮಕ್ಕಳಿಗಾಗಿ ಮಿಷನ್ನು ತುಮಕೂರಿನಲ್ಲಿ ಅನಾಥಾಲಯ ನಡೆಸಿತು. ಪುಸ್ತಕಗಳು ಚೆನ್ನಾಗಿವೆ. ನನ್ನ ತಕರಾರು ಒಂದೇ: ಅಲ್ಲಿ ದಾನಿಯೇಲಜ್ಜನೂ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ಅವನ ಬಾಯಿಂದ ಬಂದ ‘ಐತೆ’, ‘ಬತ್ತೀನಿ’ಗಳು ಹಡಗು ಹತ್ತಲಿಲ್ಲ. ಬಂದು ಹೋದವರು ಬರೆದರು, ಅಲ್ಲೇ ಉಳಿದವರು ಬರೆಯಲಿಲ್ಲ.

ಬರೆಯಲಿಲ್ಲ ಎಂದೇ ನಾನೂ ನಂಬಿದ್ದೆ, ಆ ಕಡೆಯ ಹಳ್ಳಿಯೊಂದರ ಚರ್ಚಿನ ಸುಗ್ಗಿ ಹಬ್ಬ ನೋಡುವ ತನಕ. ಆರಾಧನೆ ಮುಗಿದ ಮೇಲೆ ದೇವಾಲಯದ ಮುಂದೆ ಹರಾಜು. ಕುಂಬಳ, ಅವರೆ, ಕಾಲು ಕಟ್ಟಿದ ನಾಟಿ ಕೋಳಿ. ಒಂದು ತೆಂಗಿನಕಾಯಿ ನೂರು ರೂಪಾಯಿಗೆ ಹೋಯಿತು. ಕೂಗಿಕೊಂಡವರು ಹಣ ಕೊಟ್ಟು ಕಾಯಿಯನ್ನು ಮತ್ತೆ ಮೇಜಿನ ಮೇಲಿಟ್ಟರು. ಎರಡನೇ ಸಲ ನೂರೈವತ್ತು, ಮತ್ತೆ ಮೇಜಿಗೆ. ಮೂರನೇ ಸಲ ಕೂಗಿದ ಅಜ್ಜಿ, “ನಮ್ಮತ್ತೆ ಹೆಸ್ರಲ್ಲಿ ಬರ್ಕೊಳಪ್ಪ” ಎಂದರು. ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತಂತೆ. ಹುಡುಗ ಬರೆದುಕೊಂಡ. ಅವನ ಕೈಯಲ್ಲಿದ್ದದ್ದು ರಟ್ಟು ಹರಿದ ಉದ್ದನೆಯ ಲೆಕ್ಕದ ಪುಸ್ತಕ. ಹಿಂದಿನ ಪುಟಗಳಲ್ಲಿ ಬೇರೆ ಬೇರೆ ಕೈಬರಹ, ಆಣೆ ಪೈಗಳ ಲೆಕ್ಕವೂ ಇತ್ತು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ಹುಟ್ಟಿದಾಗ ವೆಸ್ಲಿಯನ್ ಮಿಷನ್ನು ಕಟ್ಟಿದ ಈ ಸಭೆಗಳೂ ಅದರಲ್ಲಿ ಸೇರಿಕೊಂಡವು. ಹಾಗಾಗಿ ಹಳೇ ಮೈಸೂರಿನ ಚರ್ಚುಗಳ ಬೋರ್ಡಿನಲ್ಲಿ ಇಂದು ಮೆಥಡಿಸ್ಟ್ ಎಂಬ ಮಾತು ಅಪರೂಪ. ಅಮೆರಿಕದ ಮಿಷನ್ನು ಕಟ್ಟಿದ ಬೀದರ್ ಕಡೆಯ ಸಭೆಗಳಲ್ಲಿ ಮಾತ್ರ ಹೆಸರು ಹಾಗೇ ಇದೆ.

ನಿಮ್ಮೂರಿನ ಸಭೆಯ ಬೀರುವಿನಲ್ಲಿ ಅಂಥ ಲೆಕ್ಕದ ಪುಸ್ತಕವೋ ದೀಕ್ಷಾಸ್ನಾನದ ರಿಜಿಸ್ಟರೋ ಇದ್ದರೆ, ಅಯ್ಯನವರನ್ನೂ ಮನೆಯವರನ್ನೂ ಕೇಳಿ ಪತ್ರಿಕೆಗೆ ಕಳಿಸಿ. ಮೂಲ ಪ್ರತಿ ಬೇಡ, ಮೊಬೈಲಿನಲ್ಲಿ ತೆಗೆದ ಫೋಟೋ ಸಾಕು. ಗೆದ್ದಲು ತಿಂದ ಪುಟವಾದರೂ ಆದೀತು.