ಪ್ಲಾಸ್ಟಿಕ್ ಹುಲ್ಲು ನಮ್ಮ ಮೈದಾನಕ್ಕೆ ಬೇಡ



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಶಿಷ್ಯರೊಬ್ಬರು, ತಮ್ಮ ಮಗ ಓದುತ್ತಿರುವ ಕ್ಯಾಥೊಲಿಕ್ ಬಾಲಕರ ಶಾಲೆಯ ಮೈದಾನದ ಚಿತ್ರಗಳನ್ನು ಕಳುಹಿಸಿದ್ದಾರೆ. ಅಲ್ಲಿ ಹುಲ್ಲನ್ನು ಕಿತ್ತು ಕೃತಕ ಹಾಸು ಹೊದಿಸಿದ್ದಾರೆ. ನಾವೆಲ್ಲ ಹಣ ಕೂಡಿಸಿ ಚಿಕ್ಕೋಡಿ ಸೀಮೆಯ ನಮ್ಮ ಶಾಲೆಗೂ ಇಂಥದೊಂದನ್ನು ಮಾಡಿಸೋಣ ಎಂಬುದು ಅವರ ಸೂಚನೆ. ಹಲವರು ಹೌದೆಂದಿದ್ದೀರಿ. ಪ್ರೀತಿಯಿಂದ ಹುಟ್ಟಿದ ಸೂಚನೆಯೇ ಸರಿ. ಆದರೂ ನಾನು ಇದನ್ನು ಪೂರ್ಣವಾಗಿ ವಿರೋಧಿಸುತ್ತೇನೆ.

ಈ ಹಾಸು ಮೊದಲು ಬಂದದ್ದೂ ಒಂದು ಶಾಲೆಗೇ. 1964ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಮೋಸೆಸ್ ಬ್ರೌನ್ ಶಾಲೆಯಲ್ಲಿ ಅದನ್ನು ಹಾಸಿದರು. ಓಡಲು ನೆಲವೇ ಸಿಗದ ನಗರದ ಮಕ್ಕಳು ಅವರ ಕಣ್ಣ ಮುಂದಿದ್ದರು. 1966ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋಡೋಮಿಗೆ ಅದು ಬಂದದ್ದು, ಮೇಲೆ ಮಾಡು ಹಾಕಿದ ಆ ಕ್ರೀಡಾಂಗಣದೊಳಗೆ ಹುಲ್ಲು ಬದುಕದೆ ಹೋದದ್ದರಿಂದ. ಆಸ್ಟ್ರೋಟರ್ಫ್ ಎಂಬ ಹೆಸರು ಅಲ್ಲಿಂದಲೇ ಬಂತು. ಹುಲ್ಲು ಬೆಳೆಯದ ಜಾಗದ ಔಷಧಿಯನ್ನು, ಕಬ್ಬು ಆಳೆತ್ತರಕ್ಕೆ ಬೆಳೆಯುವ ಕೃಷ್ಣಾತೀರಕ್ಕೆ ಏಕೆ ತರಬೇಕು?

ಹಾಕಿಯ ಮಾತು ಬೇರೆ. 1975ರಲ್ಲಿ ವಿಶ್ವಕಪ್ ಗೆದ್ದ ಭಾರತ, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನ ಕೃತಕ ಹಾಸಿನ ಮೇಲೆ ಏಳನೆಯ ಸ್ಥಾನಕ್ಕೆ ಕುಸಿಯಿತು. ಆ ಆಟಕ್ಕಾಗಿ ಜಿಲ್ಲಾಕೇಂದ್ರದಲ್ಲಿ ಒಂದು ಹಾಸು ಇರಲಿ. ತಾಲೀಮಿನ ಕೆಮ್ಮಣ್ಣಿನಲ್ಲಿ ಪಳಗಿದ ನಮ್ಮ ಪೈಲ್ವಾನರಿಗೂ ಮ್ಯಾಟು ಬೇಕು. ಆದರೆ ಮ್ಯಾಟನ್ನು ಸುತ್ತಿ ಮೂಲೆಗಿಡಬಹುದು. ಮೈದಾನವನ್ನು?

ನಮ್ಮ ನೆಲದ ಗುಣವನ್ನು ನೀವು ಮರೆತಿರಲಾರಿರಿ. ಎರೆಮಣ್ಣು ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಹಾಸು ಸಮನಾಗಿ ನಿಲ್ಲಬೇಕಾದರೆ ಆಳಕ್ಕೆ ಅಗೆದು ಮಣ್ಣನ್ನು ಹೊರಸಾಗಿಸಿ, ಗರಸು, ಜಲ್ಲಿ ತುಂಬಬೇಕು. ಒಂದು ಫುಟ್‌ಬಾಲ್ ಮೈದಾನವೆಂದರೆ ಸುಮಾರು 7,000 ಚದರ ಮೀಟರ್. ಇಷ್ಟೆಲ್ಲ ಮಾಡಿದ ಹಾಸಿನ ಆಯುಷ್ಯ 8-10 ವರ್ಷ. ಆಮೇಲೆ ಮತ್ತೆ ಹಣ ಕೂಡಿಸಬೇಕು. ಹಳೆಯ ಪ್ಲಾಸ್ಟಿಕ್ಕನ್ನು ಯಾರ ಹೊಲದ ಬದುವಿಗೆ ಎಸೆಯುವುದೋ ತಿಳಿಯದು. ಹಾಸಿನಲ್ಲಿ ತುಂಬುವ ರಬ್ಬರ್ ಹರಳುಗಳು ಮಳೆಯೊಡನೆ ಹೊರಗೆ ಹರಿಯುತ್ತವೆ. ಇಂಥ ಹರಳುಗಳ ಮಾರಾಟವನ್ನು 2031ರಿಂದ ನಿಷೇಧಿಸುವ ನಿಯಮವನ್ನು ಐರೋಪ್ಯ ಒಕ್ಕೂಟ 2023ರಲ್ಲಿಯೇ ಮಾಡಿದೆ.

ಇನ್ನು ಬಿಸಿಲು. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ತಮ್ಮ ಮೈದಾನವನ್ನು ಅಳೆದಾಗ, ಗಾಳಿಯ ಉಷ್ಣತೆ ಸುಮಾರು 37 ಡಿಗ್ರಿ ಇದ್ದ ದಿನ ಹಾಸಿನ ಮೇಲ್ಮೈ 93 ಡಿಗ್ರಿ ಮುಟ್ಟಿತ್ತು. ತಂಪಾಗಿಸಲು ನೀರು ಹೊಡೆಯಬೇಕಂತೆ! ಅಥಣಿಯ ಏಪ್ರಿಲ್ ತಿಂಗಳನ್ನು ನೆನೆಸಿಕೊಳ್ಳಿರಿ. ಬರಿಗಾಲಲ್ಲಿ ಕಬಡ್ಡಿ, ಖೋಖೋ ಆಡುವ ಹುಡುಗರು ಅಲ್ಲಿ ಕಾಲಿಡುವುದೆಂತು?

2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯರು ಉಕ್ಕಿದಾಗ ನಮ್ಮ ಸೀಮೆಯ ಜನ ಆಶ್ರಯ ಪಡೆದದ್ದು ಶಾಲೆಗಳಲ್ಲಿ. ಅಂಗಳದಲ್ಲಿ ದನ ಕಟ್ಟುವವರಿಗೆ, ಒಲೆ ಹೂಡುವವರಿಗೆ, ಕೋಟಿಗಟ್ಟಲೆ ಸುರಿದ ಹಾಸಿನ ಮೇಲೆ ಯಾರು ಎಡೆ ಕೊಟ್ಟಾರು?

ನನ್ನ ಮುಖ್ಯ ಆಕ್ಷೇಪ ಇದೇ. ದುಬಾರಿ ಹಾಸಿಗೆ ಮೊದಲು ಬೇಲಿ ಬರುತ್ತದೆ, ಬೇಲಿಗೆ ಬೀಗ, ಬೀಗದ ಕೈ ಹಿಡಿದವನಿಗೆ ಸಂಬಳ. ಆ ಸಂಬಳಕ್ಕಾಗಿ ಗಂಟೆಗಿಷ್ಟು ಎಂದು ಬಾಡಿಗೆ. ನಗರಗಳಲ್ಲಿ ಸಂಜೆಯ ಬಾಕ್ಸ್ ಕ್ರಿಕೆಟ್ಟಿನ ವ್ಯಾಪಾರವನ್ನು ನೀವೇ ಕಂಡಿದ್ದೀರಿ. ಕಬ್ಬು ಕಡಿಯುವವರ ಮಗ ಆ ಬಾಡಿಗೆ ಕೊಟ್ಟಾನೆಯೇ? ನೀವು ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಆಡಿದ್ದು ಯಾರಿಗೆ ದುಡ್ಡು ಕೊಟ್ಟು?

ಕೊಡುವ ಮನಸ್ಸಿದ್ದರೆ ಕೊಡಿರಿ. ಮೊದಲು ಮಳೆನೀರು ಹರಿದುಹೋಗಲು ಚರಂಡಿ ಬೇಕು. ಅನಂತರ ಗರಸು ಹಾಕಿ ರೋಲರ್ ಹೊಡೆಸಬೇಕು, ಒಂದು ಭಾಗದಲ್ಲಿ ಕರಿಕೆ ಬೆಳೆಸಬೇಕು, ಕುಡಿಯುವ ನೀರಿನ ನಳ ಹಾಕಿಸಬೇಕು. ಉಳಿದದ್ದನ್ನು ಪಿ.ಟಿ. ಮಾಸ್ತರೊಬ್ಬರ ಸಂಬಳಕ್ಕೂ ಹುಡುಗರ ಬೂಟುಗಳಿಗೂ ಇಡೋಣ. ಇದಕ್ಕೆ ಒಪ್ಪುವವರು ನನಗೆ ಬರೆಯಿರಿ. ಶಾಲೆಯವರೊಡನೆ ನಾನು ಮಾತನಾಡುತ್ತೇನೆ.