ಗಾಜಿನ ಭರಣಿಯಲ್ಲಿ ಎಣ್ಣೆ

ಹೊಳೆ ದಾಟುವಾಗ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ ಅನುಭವ ಬಹಳ ಮಂದಿಗೆ ಇದ್ದೀತು. ಜಾರಿಸುವುದು ಕಲ್ಲಲ್ಲ, ಕಲ್ಲಿಗೆ ಅಂಟಿಕೊಂಡ ಕಂದು ಬಣ್ಣದ ತೆಳು ಲೋಳೆ. ‘ಪಾಚಿ ಇದೆ, ಹುಷಾರು’ ಎಂದು ಹೇಳಿ ಹಿರಿಯರು ಮುಂದೆ ನಡೆಯುತ್ತಾರೆ. ಆ ಲೋಳೆಯನ್ನು ತುಸು ಕೆರೆದು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ದೋಣಿಯಂಥವು, ಸೂಜಿಯಂಥವು, ಬಿಲ್ಲೆಯಂಥವು ನೂರಾರು ಪುಟ್ಟ ಜೀವಿಗಳು ಕಾಣುತ್ತವೆ. ಕೆಲವಂತೂ ಮೆಲ್ಲಗೆ ಅತ್ತಿತ್ತ ಸರಿಯುತ್ತಿರುತ್ತವೆ. ಇವೇ ಡಯಾಟಮ್‌ಗಳು.

ಡಯಾಟಮ್ ಒಂದೇ ಜೀವಕೋಶದ ಪಾಚಿ. ಅದರ ಮನೆ ಮಾತ್ರ ಗಾಜಿನದು. ನೀರಿನಲ್ಲಿ ಕರಗಿರುವ ಸಿಲಿಕಾನ್ ಅಂಶವನ್ನು ಹೀರಿಕೊಂಡು ಅದು ತನ್ನ ಸುತ್ತ ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುತ್ತದೆ. ಕಿಟಕಿಯ ಗಾಜಿನಲ್ಲಿ ಮುಖ್ಯವಾಗಿ ಇರುವುದೂ ಇದೇ ಸಿಲಿಕಾ. ಚಿಪ್ಪಿಗೆ ಎರಡು ಭಾಗ. ಕುಂಕುಮದ ಭರಣಿ ಮತ್ತು ಅದರ ಮುಚ್ಚಳದ ಹಾಗೆ ಅವು ಒಂದರ ಮೇಲೊಂದು ಕೂರುತ್ತವೆ. ಇಡೀ ಭೂಮಿಯಲ್ಲಿ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಭಾಗ ಈ ಭರಣಿಗಳೊಳಗೇ ನಡೆಯುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ನಿಜ. ಸಮುದ್ರಗಳ ತುಂಬ ಇವು ತೇಲಿಕೊಂಡಿವೆ.

ಭರಣಿಯೊಳಗೆ ಎಣ್ಣೆಯೂ ಇದೆ. ಭತ್ತ, ಗೋಧಿಯಂಥ ಗಿಡಗಳು ಮಿಕ್ಕ ಆಹಾರವನ್ನು ಪಿಷ್ಟವಾಗಿ ಕೂಡಿಡುತ್ತವೆ. ಡಯಾಟಮ್ ಒಂದು ಬಗೆಯ ಸಕ್ಕರೆಯ ಸರಪಳಿಯಾಗಿ ಮತ್ತು ಎಣ್ಣೆಯ ಹನಿಗಳಾಗಿ ಕೂಡಿಡುತ್ತದೆ. ಪೆಟ್ರೋಲಿಯಂ ಎಂದರೆ ಡೈನೊಸಾರ್‌ಗಳ ಕೊಬ್ಬು ಎಂದು ತಿಳಿದವರಿದ್ದಾರೆ. ಹಾಗಲ್ಲ, ಅದರ ಬಹುಪಾಲು ಸಮುದ್ರದ ತಳಕ್ಕೆ ಬಿದ್ದು ಹೂತುಹೋದ ಸೂಕ್ಷ್ಮಜೀವಿಗಳಿಂದ ಬಂದದ್ದು. ಕ್ಯಾಲಿಫೋರ್ನಿಯಾದ ಎಣ್ಣೆಗೆ ತವರಾದ ಮಾಂಟೆರೇ ಶಿಲಾಸ್ತರದಲ್ಲಿ ಡಯಾಟಮ್ ಚಿಪ್ಪುಗಳ ರಾಶಿಯೇ ಇದೆ.

ಭೂಮಿ ಲಕ್ಷಾಂತರ ವರ್ಷಗಳಲ್ಲಿ ಮಾಡಿದ್ದನ್ನು ನಾವು ಹೊಂಡದಲ್ಲಿ ಒಂದು ವಾರದಲ್ಲಿ ಮಾಡಲಾರೆವೆ? 1973ರ ತೈಲ ಬಿಕ್ಕಟ್ಟಿನಿಂದ ಬಿಸಿ ಮುಟ್ಟಿಸಿಕೊಂಡಿದ್ದ ಅಮೆರಿಕ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಿತು. ಅಲ್ಲಿನ ಇಂಧನ ಇಲಾಖೆ 1978ರಲ್ಲಿ ‘ಜಲಜೀವಿ ಕಾರ್ಯಕ್ರಮ’ವನ್ನು ಆರಂಭಿಸಿತು. ವಿಜ್ಞಾನಿಗಳು ಉಪ್ಪು ಹೊಂಡ, ಕೆರೆ, ಕಡಲತೀರಗಳನ್ನು ಸುತ್ತಿ 3,000ಕ್ಕೂ ಹೆಚ್ಚು ಪಾಚಿ ತಳಿಗಳನ್ನು ತಂದರು. ಅವುಗಳಲ್ಲಿ ಸುಮಾರು 300ನ್ನು ಉಳಿಸಿಕೊಂಡರು. ಭರವಸೆ ಮೂಡಿಸಿದವುಗಳಲ್ಲಿ ಸೈಕ್ಲೊಟೆಲ್ಲಾ ಕ್ರಿಪ್ಟಿಕಾ ಎಂಬ ಡಯಾಟಮ್ ಕೂಡ ಒಂದು.

ಅದರ ಗುಟ್ಟು ಇಷ್ಟೇ. ಡಯಾಟಮ್ ಎರಡಾಗಿ ಒಡೆಯಬೇಕಾದರೆ ಎರಡು ಮರಿಗಳಿಗೂ ಒಂದೊಂದು ಹೊಸ ಚಿಪ್ಪಿನ ಭಾಗ ಬೇಕು. ನೀರಿನಲ್ಲಿ ಸಿಲಿಕಾನ್ ತೀರಿತೆನ್ನಿ. ಚಿಪ್ಪಿಲ್ಲ, ವಿಭಜನೆಯೂ ಇಲ್ಲ. ಬಿಸಿಲು ಮಾತ್ರ ಬೀಳುತ್ತಲೇ ಇದೆ, ಇಂಗಾಲದ ಡೈ ಆಕ್ಸೈಡ್ ಒಳಗೆ ಬರುತ್ತಲೇ ಇದೆ. ಬಂದ ಇಂಗಾಲವನ್ನು ಹೊಸ ಕೋಶ ಕಟ್ಟಲು ಬಳಸುವಂತಿಲ್ಲ. ಆಗ ಜೀವಕೋಶ ಅದನ್ನು ಎಣ್ಣೆಯಾಗಿ ಮಾರ್ಪಡಿಸಿ ಕೂಡಿಡತೊಡಗುತ್ತದೆ. ಸಾರಜನಕದ ಕೊರತೆಯಾದರೂ ಎಣ್ಣೆ ಕೂಡುತ್ತದೆ. ಆದರೆ ಸಾರಜನಕವಿಲ್ಲದೆ ಪ್ರೋಟೀನು, ಪತ್ರಹರಿತ್ತು ಎಲ್ಲವೂ ಸೊರಗುತ್ತವೆ. ಸಿಲಿಕಾನಿನ ಉಪವಾಸ ಅದಕ್ಕಿಂತ ಮೃದು.

ತೊಡಕು ಇರುವುದೂ ಇಲ್ಲಿಯೇ. ಬೆಳೆಯುತ್ತಿರುವ ಡಯಾಟಮ್ ಎಣ್ಣೆ ಕೂಡಿಡುವುದಿಲ್ಲ. ಎಣ್ಣೆ ಕೂಡಿಡುವ ಡಯಾಟಮ್ ಬೆಳೆಯುವುದಿಲ್ಲ. ಒಂದೊಂದು ಕೋಶದಲ್ಲಿ ಎಣ್ಣೆ ಹೆಚ್ಚಿದರೂ ಕೋಶಗಳ ಸಂಖ್ಯೆ ನಿಂತುಹೋದರೆ ಹೊಂಡದ ಒಟ್ಟು ಫಸಲು ಎಲ್ಲಿಂದ ಹೆಚ್ಚಬೇಕು?

1980ರ ದಶಕದ ಕೊನೆಯಲ್ಲಿ ನ್ಯೂ ಮೆಕ್ಸಿಕೋದ ರೋಸ್‌ವೆಲ್‌ನಲ್ಲಿ 1,000 ಚದರ ಮೀಟರಿನ ಹೊಂಡಗಳಲ್ಲಿ ಪಾಚಿಗಳನ್ನು ಬೆಳೆಸಿ ನೋಡಿದರು. ಒಳ್ಳೆಯ ದಿನಗಳಲ್ಲಿ ಚದರ ಮೀಟರಿಗೆ 50 ಗ್ರಾಂವರೆಗೂ ಬೆಳೆ ಬಂತು. ಆದರೆ ಅಲ್ಲಿನ ಚಳಿಯಿಂದಾಗಿ ಸರಾಸರಿ 10 ಗ್ರಾಂ ಆಸುಪಾಸಿಗೆ ಇಳಿಯಿತು.

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. ಒಣಗಿದ ಪಾಚಿಯ ತೂಕದಲ್ಲಿ ಕಾಲು ಭಾಗ ಎಣ್ಣೆ ಎಂದಿಟ್ಟುಕೊಳ್ಳಿ. ಒಂದು ಕಿಲೋ ಎಣ್ಣೆಗೆ ನಾಲ್ಕು ಕಿಲೋ ಪಾಚಿ ಬೇಕು. ದಿನಕ್ಕೆ ಚದರ ಮೀಟರಿಗೆ 10 ಗ್ರಾಂನಂತೆ ಅದು 400 ಚದರ ಮೀಟರಿನ, ಅಂದರೆ ಸುಮಾರು ನಾಲ್ಕು ಗುಂಟೆಯ, ಒಂದು ದಿನದ ಬೆಳೆ. ಕಡಲೆಕಾಯಿ ಹೊಲಕ್ಕೆ ಹೋಲಿಸಿದರೆ ಇದು ಬಹಳ ಹೆಚ್ಚೇ. ಆದರೆ ಇಂಥ ಹೊಂಡದ ಒಂದು ಲೀಟರ್ ನೀರಿನಲ್ಲಿ ಸಿಗುವ ಪಾಚಿ ಅರ್ಧ ಗ್ರಾಂ ಆಸುಪಾಸು. ನಾಲ್ಕು ಕಿಲೋ ಸಿಗಬೇಕಾದರೆ 8,000 ಲೀಟರ್, ಅಂದರೆ ದೊಡ್ಡದೊಂದು ಟ್ಯಾಂಕರ್ ಭರ್ತಿ ನೀರನ್ನು ಸೋಸಬೇಕು. ಆಮೇಲೆ ಒಣಗಿಸಬೇಕು, ಎಣ್ಣೆ ತೆಗೆಯಬೇಕು. ಇಷ್ಟೆಲ್ಲ ಮಾಡಿದ ಮೇಲೆ ಸಿಕ್ಕ ಎಣ್ಣೆಯಲ್ಲಿ ಒಂದು ಬಸ್ಸು ನಾಲ್ಕೈದು ಕಿಲೋಮೀಟರ್ ಹೋದೀತು. ಖರ್ಚಾಗುವ ಶಕ್ತಿಯನ್ನೂ ಹಣವನ್ನೂ ಎದುರಿಗೆ ಬರೆದುಕೊಂಡರೆ ಬಾಕಿ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ.

ಹಾಗಾದರೆ ಕೋಶದೊಳಗಿನ ಎಣ್ಣೆಯನ್ನೇ ಹೆಚ್ಚಿಸಬಾರದೆ? ಎಣ್ಣೆ ತಯಾರಾಗುವ ದಾರಿಯ ಮೊದಲ ಬಾಗಿಲು ಅಸಿಟೈಲ್ ಕೋ-ಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ. 1990ರ ದಶಕದ ಮಧ್ಯದಲ್ಲಿ ಅದೇ ಕಾರ್ಯಕ್ರಮದ ವಿಜ್ಞಾನಿಗಳು ಈ ಕಿಣ್ವದ ಜೀನಿನ ಹೆಚ್ಚುವರಿ ಪ್ರತಿಗಳನ್ನು ಡಯಾಟಮ್‌ಗೆ ಸೇರಿಸಿದರು. ಕಿಣ್ವದ ಚಟುವಟಿಕೆ ಎರಡು ಮೂರು ಪಟ್ಟು ಏರಿತು. ಎಣ್ಣೆ ಮಾತ್ರ ಹೆಚ್ಚಲಿಲ್ಲ! ಕಾಲುವೆಯ ಒಂದು ಗೇಟನ್ನು ಅಗಲ ಮಾಡಿದರೆ ಸಾಲದು, ಮುಂದಿನ ಗೇಟುಗಳು ಹಳೆಯ ಅಳತೆಯಲ್ಲೇ ಇರುತ್ತವಲ್ಲ.

1996ರಲ್ಲಿ ಕಾರ್ಯಕ್ರಮ ನಿಂತಿತು. ಪೆಟ್ರೋಲಿಯಂ ಅಗ್ಗವಾಗಿತ್ತು, ಸರ್ಕಾರ ಹಣ ಕಡಿತ ಮಾಡಿತ್ತು. ಒಟ್ಟು ಖರ್ಚು ಸುಮಾರು 2.5 ಕೋಟಿ ಡಾಲರ್. ಕೈಗೆ ಬಂದದ್ದು ಇಂಧನವಲ್ಲ, 1998ರಲ್ಲಿ ಪ್ರಕಟವಾದ ಒಂದು ದಪ್ಪ ವರದಿ. ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ, ಏಕೆ ಎಂಬುದನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟರು.

ಮುಂದಿನ ತಲೆಮಾರಿಗೆ ದಾರಿ ತೋರಿದ್ದು ಇಂಥ ದಾಖಲೆಗಳೇ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯವರು ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಕೆರೆ ತುಂಬಬೇಕಾದರೆ ಕಾಲುವೆಯನ್ನೇ ಅಗಲಿಸಬೇಕೆಂದಿಲ್ಲ, ತೂಬು ಮುಚ್ಚಿದರೂ ಆಯಿತು. ಜೀವಕೋಶ ಎಣ್ಣೆಯನ್ನು ಮಾಡುವ ಹಾಗೆಯೇ ಒಡೆದು ಬಳಸುತ್ತಲೂ ಇರುತ್ತದೆ. ಒಡೆಯುವ ಒಂದು ಕಿಣ್ವವನ್ನು ಥಲಾಸಿಯೊಸೈರಾ ಸ್ಯೂಡೊನಾನಾ ಎಂಬ ಡಯಾಟಮ್‌ನಲ್ಲಿ ಅವರು ಕುಗ್ಗಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎಣ್ಣೆ ಮೂರು ಪಟ್ಟಿನ ಆಸುಪಾಸಿಗೆ ಏರಿತು, ಬೆಳವಣಿಗೆಯೂ ಕುಂಠಿತವಾಗಲಿಲ್ಲ. ಬೆಳೆಯುತ್ತಲೇ ಎಣ್ಣೆ ಕೂಡಿಡುವ ಡಯಾಟಮ್ ಅಸಾಧ್ಯವಲ್ಲ ಎಂದಾಯಿತು. ಈ ಜೀವಿಯ ಪೂರ್ಣ ಜೀನೋಮ್ ಅನ್ನು 2004ರಲ್ಲೇ ಓದಿಟ್ಟಿದ್ದರಿಂದ ಸರಿಯಾದ ಜೀನನ್ನು ಹುಡುಕಲು ಸಾಧ್ಯವಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು, ಕೆನಡಾದ ರಿಚರ್ಡ್ ಗಾರ್ಡನ್ ಜೊತೆಗೂಡಿ, 2009ರಲ್ಲಿ ಇನ್ನೊಂದು ದಾರಿ ಸೂಚಿಸಿದರು. ಹಾಲಿಗಾಗಿ ಯಾರೂ ಹಸುವನ್ನು ಕೊಲ್ಲುವುದಿಲ್ಲ. ಹಾಗೆಯೇ ಡಯಾಟಮ್ ಅನ್ನು ಸಾಯಿಸದೆ, ಅದು ತಾನಾಗಿ ಎಣ್ಣೆ ಸ್ರವಿಸುವಂತೆ ಮಾಡಿ ‘ಕರೆದುಕೊಳ್ಳ’ಬಾರದೇಕೆ? ಸೋಸುವ, ಒಣಗಿಸುವ ಖರ್ಚೇ ಉಳಿದೀತು. ವಿಚಾರ ಸೊಗಸಾಗಿದೆ. ಅದಿನ್ನೂ ಬಸ್ಸಿನ ಟ್ಯಾಂಕನ್ನು ತಲುಪಿಲ್ಲ.

ಅಮೆರಿಕದ ಕಾರ್ಯಕ್ರಮ ನಿಂತ ಅದೇ 1996ರಲ್ಲಿ ನಮ್ಮ ಪಕ್ಕದ ತಮಿಳುನಾಡಿನ ‘ಗಿಡಮೂಲಿಕೆ ಪೆಟ್ರೋಲ್’ ದೇಶವನ್ನೆಲ್ಲ ಬೆರಗುಗೊಳಿಸಿ, ಕೊನೆಗೆ ಮೋಸವೆಂದು ಬಯಲಾದದ್ದು ತಂದೆ ತಾಯಿಯರಿಗೆ ನೆನಪಿರಬಹುದು. ಅಲ್ಲಿ ಚಮತ್ಕಾರವಿತ್ತು, ಲೆಕ್ಕವಿರಲಿಲ್ಲ. ಇಲ್ಲಿ ಚಮತ್ಕಾರವಿಲ್ಲ, ಸೋಲಿನ ಲೆಕ್ಕವೂ ಸೇರಿ ಎಲ್ಲ ಲೆಕ್ಕ ಇದೆ. ‘ಪಾಚಿಯಿಂದ ಪೆಟ್ರೋಲ್’ ಎಂಬ ಸುದ್ದಿ ಮತ್ತೆ ಬಂದಾಗ ಮನೆಯಲ್ಲಿ ಮಕ್ಕಳು ಒಂದು ಪ್ರಶ್ನೆ ಕೇಳಲಿ: ಒಂದು ಕಿಲೋ ಎಣ್ಣೆಗೆ ಎಷ್ಟು ಲೀಟರ್ ನೀರು ಸೋಸಿದರು? ಆ ಉತ್ತರ ಚಿಕ್ಕದಾಗುತ್ತ ಬಂದಷ್ಟೂ ಗಾಜಿನ ಭರಣಿಯ ಎಣ್ಣೆ ನಮ್ಮ ಹತ್ತಿರ ಬರುತ್ತದೆ.