ತರುಣರೂ ಹಿಮಪರ್ವತಗಳೂ

ಮೊನ್ನೆ ನಮ್ಮ ಕಾರ್ಯಾಲಯಕ್ಕೆ ಹೊಸಪೇಟೆಯ ಮೂವರು ತರುಣರು ಬಂದಿದ್ದರು. ಬರುವ ಚಳಿಗಾಲದಲ್ಲಿ ಅವರು ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗಿ, ಹಿಮದ ಮೇಲೆ ಜಾರುವ ಸ್ಕೀ ವಿದ್ಯೆಯನ್ನು ನಾಲ್ಕು ದಿನ ಅಭ್ಯಾಸ ಮಾಡಿ, ಅನಂತರ ಜನಸಂಚಾರವಿಲ್ಲದ ಇಳಿಜಾರುಗಳಲ್ಲಿ ತಾವಾಗಿಯೇ ಜಾರಿ ಬರಬೇಕೆಂದು ಸಂಕಲ್ಪಿಸಿರುವರಂತೆ. ಅವರ ಉತ್ಸಾಹವನ್ನು ಕಂಡು ನಮಗೆ ಸಂತೋಷವಾಯಿತು. ಆದರೆ ಹಿಮವು ಕುಸಿದು ನಿಮ್ಮಲ್ಲೊಬ್ಬನು ಹೂತುಹೋದರೆ ಉಳಿದಿಬ್ಬರು ಮಾಡತಕ್ಕದ್ದೇನೆಂದು ನಾವು ಕೇಳಿದಾಗ, ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಆ ಮೌನವೇ ಈ ಲೇಖನಕ್ಕೆ ಕಾರಣವಾಯಿತು.

ತರುಣರು ಮನೆಯ ಹೊಸ್ತಿಲನ್ನು ದಾಟಬಾರದೆಂದು ಹೇಳುವವರ ಗುಂಪಿಗೆ ನಾವು ಸೇರಿದವರಲ್ಲ. ಹಿಮಾಲಯವು ಉತ್ತರದವರದು ಮಾತ್ರವಲ್ಲ. ಅದು ನಮ್ಮದೂ ಅಹುದು. ಹಿಮವನ್ನೇ ಕಾಣದ ನಾಡಿನವರಿಗೆ ಹಿಮದ ಆಟವೇಕೆಂದು ಹಂಗಿಸುವವರಿಗೆ ಕೊಡಗಿನ ಭವಾನಿ ತೆಕ್ಕಡರವರು ಉತ್ತರ ಕೊಟ್ಟಿದ್ದಾರೆ. ಕಾಫಿ ತೋಟಗಳ ಸೀಮೆಯಿಂದ ಹೊರಟ ಈ ಹೆಣ್ಣುಮಗಳು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀ ಓಟಗಳನ್ನು ಓಡಿ ಚಿನ್ನದ ಪದಕಗಳನ್ನು ತಂದರು. ಸಾಹಸವಿಲ್ಲದ ಜನಾಂಗವು ಏಳ್ಗೆ ಹೊಂದಲಾರದು. ಆದರೆ ಸಾಹಸವು ಬೇರೆ, ದುಡುಕು ಬೇರೆ. ಇವೆರಡರ ನಡುವೆ ನಿಲ್ಲುವುದು ಶಿಕ್ಷಣವೊಂದೇ.

2024ನೆಯ ಜೂನ್ ತಿಂಗಳ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ ನಡೆದ ದುರಂತವನ್ನು ವಾಚಕರು ಮರೆತಿರಲಾರರು. ಕರ್ನಾಟಕದಿಂದ ಹೊರಟವರೇ ಹೆಚ್ಚಾಗಿದ್ದ 22 ಮಂದಿಯ ತಂಡವು ಹದಿನಾಲ್ಕು ಸಾವಿರ ಅಡಿಗೂ ಮೇಲ್ಪಟ್ಟ ಆ ಸರೋವರದಿಂದ ಹಿಂದಿರುಗುತ್ತಿದ್ದಾಗ ಹಿಮದ ಬಿರುಗಾಳಿಗೆ ಸಿಕ್ಕಿತು. 9 ಮಂದಿ ಮರಳಿ ಬರಲಿಲ್ಲ. ಉಳಿದವರನ್ನು ವಾಯುಸೇನೆಯ ಹೆಲಿಕಾಪ್ಟರುಗಳೂ ರಕ್ಷಣಾದಳದವರೂ ಕೆಳಗೆ ತಂದರು. ಮಡಿದವರಲ್ಲಿ ಚಾರಣದ ಅನುಭವವುಳ್ಳ ಹಿರಿಯರೂ ಇದ್ದರೆಂಬುದು ಈ ಸಂಗತಿಯ ಗುರುತ್ವವನ್ನು ಹೆಚ್ಚಿಸುತ್ತದೆ. ಅವರನ್ನು ಕೊಂದದ್ದು ಪ್ರಪಾತವಲ್ಲ, ಚಳಿ. ಯಾರ ಮೇಲೂ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ಅನುಭವಿಗಳನ್ನೂ ಬಿಡದ ಪರ್ವತವು ಅನನುಭವಿಗಳನ್ನು ಬಿಟ್ಟೀತೆ ಎಂದು ಕೇಳುವುದಷ್ಟೇ ನಮ್ಮ ಉದ್ದೇಶ.

ದೂರದ ಬೆಟ್ಟ ನುಣ್ಣಗೆಂದು ನಮ್ಮ ಹಿರಿಯರು ಹೇಳಿದ ಮಾತು ಹಿಮಪರ್ವತಕ್ಕೆ ಅಕ್ಷರಶಃ ಸಲ್ಲುತ್ತದೆ. ಸ್ಕೀ ಆಡುವವನ ಕಣ್ಣಿಗೆ ಮನೋಹರವಾಗಿ ಕಾಣುವ ಇಳಿಜಾರು, ಎಂದರೆ 30ರಿಂದ 45 ಡಿಗ್ರಿಗಳವರೆಗಿನ ಓಟವುಳ್ಳದ್ದು, ಹಿಮ ಕುಸಿಯುವುದಕ್ಕೂ ಅನುಕೂಲವಾದದ್ದೇ ಆಗಿದೆ. ಹೊಸ ಹಿಮ ಬಿದ್ದು ಗಾಳಿ ಬೀಸಿದ ಮರುದಿನವೇ ಅಪಾಯವು ಹೆಚ್ಚು. ಆಟಕ್ಕೆ ಆಸೆಯಾಗುವುದೂ ಅದೇ ದಿನ. ಹಳೆಯ ಪದರದ ಮೇಲೆ ಸರಿಯಾಗಿ ಕೂಡದೆ ನಿಂತಿರುವ ಹೊಸ ಪದರವು ಒಬ್ಬನ ಭಾರಕ್ಕೇ ಕಳಚಿಕೊಳ್ಳಬಹುದು. ಹೂತುಹೋದವನನ್ನು ಹತ್ತು ಹದಿನೈದು ನಿಮಿಷಗಳೊಳಗೆ ತೆಗೆದರೆ ಬದುಕುವ ಆಸೆ ಉಂಟು. ಆಮೇಲೆ ಅದು ಬೇಗಬೇಗನೆ ಕುಗ್ಗುತ್ತದೆ. ಅಷ್ಟರೊಳಗೆ ಯಾವ ಸರಕಾರದ ದಳವೂ ಬಂದು ಮುಟ್ಟಲಾರದು. ರಕ್ಷಿಸತಕ್ಕವನು ಪಕ್ಕದ ಗೆಳೆಯನೇ. ಆದ್ದರಿಂದ ಸಂಕೇತ ಕಳುಹಿಸುವ ಯಂತ್ರ, ಹಿಮವನ್ನು ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ ಈ ಮೂರನ್ನೂ ಪ್ರತಿಯೊಬ್ಬನೂ ಹೊತ್ತಿರತಕ್ಕದ್ದು. ಹೊತ್ತರೆ ಸಾಲದು, ಕಣ್ಣುಮುಚ್ಚಿ ಬಳಸುವಷ್ಟು ರೂಢಿ ಮಾಡಿರತಕ್ಕದ್ದು. ಎತ್ತರದಲ್ಲಿ ತಲೆನೋವೂ ವಾಂತಿಯೂ ಬಂದರೆ ಮೇಲಕ್ಕೆ ಹೋಗದಿರುವುದು, ಹೆಚ್ಚಾದರೆ ತಡಮಾಡದೆ ಕೆಳಗಿಳಿಯುವುದು, ಒದ್ದೆಯ ಬಟ್ಟೆಯನ್ನು ಒಡನೆ ಬದಲಿಸುವುದು, ನಡುಗುತ್ತಿದ್ದವನ ನಡುಕ ನಿಂತು ಮಾತು ತೊದಲಿದರೆ ಅದನ್ನು ಚೇತರಿಕೆಯೆಂದು ಭ್ರಮಿಸದಿರುವುದು, ಇವೆಲ್ಲ ಪುಸ್ತಕದಿಂದ ಬಾರದ ವಿದ್ಯೆಗಳು.

ತರಬೇತಿ ಪಡೆಯುತ್ತಿದ್ದವರೇ ಸಾಯಲಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ನಿಜ. 2022ನೆಯ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದ ಬಳಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದ ಮೇಲೆ ಹಿಮ ಕುಸಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಶಿಕ್ಷಣವು ತಾಯಿತವಲ್ಲ, ಅದು ಮೃತ್ಯುವನ್ನು ದೂರವಿಡುವೆನೆಂದು ಭಾಷೆ ಕೊಡುವುದಿಲ್ಲ. ಆದರೆ ಈಜು ಬಲ್ಲವನೂ ಮುಳುಗಿದನೆಂದು ಈಜು ಕಲಿಸುವುದನ್ನು ಬಿಡುವ ತಂದೆಯುಂಟೆ?

ಈ ವಿಷಯದಲ್ಲಿ ನಮ್ಮವರು ದೂರ ಹೋಗಿ ಗುರುವನ್ನು ಹುಡುಕಬೇಕಾಗಿಲ್ಲ. ಆನೆಗೊಂದಿ, ಹಂಪಿ, ಕಂಪ್ಲಿಗಳ ದಡದಲ್ಲಿ ಹರಿಗೋಲು ಹಾಕುವವರನ್ನು ನೋಡಿರಿ. ತುಂಗಭದ್ರೆಯ ನೀರು ಕೆಂಪಾಗಿ, ಅಣೆಕಟ್ಟಿನಿಂದ ಹೊರಬಿಟ್ಟ ಪ್ರವಾಹವು ಏರುತ್ತಿರುವಾಗ, ಅನುಭವಸ್ಥನಾದ ಅಂಬಿಗನು ಎಷ್ಟು ಹಣ ತೋರಿಸಿದರೂ ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಕುಳಿತುಬಿಡುವನು. ಅವನನ್ನು ಹೇಡಿಯೆಂದು ಯಾರೂ ಕರೆಯುವುದಿಲ್ಲ. ಹಿಂದಿರುಗುವುದನ್ನು ಬಲ್ಲವನೇ ಬಲ್ಲವನೆಂಬ ಈ ವಿವೇಕವೇ ಪರ್ವತವಿದ್ಯೆಯ ಮೊದಲನೆಯ ಪಾಠವೂ ಕೊನೆಯ ಪಾಠವೂ ಆಗಿದೆ. ಇದನ್ನರಿಯದೆ 2025ನೆಯ ಫೆಬ್ರವರಿಯಲ್ಲಿ ಪ್ರವಾಸಕ್ಕೆ ಬಂದ ತರುಣಿಯೊಬ್ಬಳು ಸಾಣಾಪುರದ ಬಳಿ ಬಂಡೆಯಿಂದ ನದಿಗೆ ಹಾರಿ ಸೆಳವಿನಲ್ಲಿ ಪ್ರಾಣ ಕಳೆದುಕೊಂಡಳು.

ಹಂಪಿಯ ಬಂಡೆಗಳನ್ನು ಹತ್ತಲು ಪರದೇಶಗಳಿಂದ ಬರುವವರು ಬೆನ್ನ ಮೇಲೆ ದಪ್ಪನೆಯ ಹಾಸಿಗೆಯನ್ನು ಹೊತ್ತು ತಿರುಗುವುದನ್ನು ಕಂಡು ನಮ್ಮ ಹುಡುಗರು ನಗುತ್ತಾರೆ. ಅವರು ಆ ಹಾಸಿಗೆಯನ್ನು ಬಂಡೆಯ ಬುಡದಲ್ಲಿ ಹಾಸಿ, ಬೀಳುವವನನ್ನು ಅದರ ಮೇಲಕ್ಕೆ ತಿರುಗಿಸಲು ಒಬ್ಬನನ್ನು ಕೆಳಗೆ ನಿಲ್ಲಿಸಿ, ಅನಂತರವೇ ಏರುತ್ತಾರೆ. ನಮ್ಮ ಹುಡುಗರೋ, ಮಳೆಯಲ್ಲಿ ನೆನೆದ ಮಾತಂಗ ಪರ್ವತವನ್ನು ಚಪ್ಪಲಿ ಮೆಟ್ಟಿ ಏರಿ, ಅಂಚಿನಲ್ಲಿ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುತ್ತಾರೆ. ನಗಬೇಕಾದವರು ಯಾರು?

2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಸಾವಿರಾರು ಜನರು ಮುತ್ತಿದ ಬಳಿಕ ಸರಕಾರವು ಚಾರಣಿಗರ ಸಂಖ್ಯೆಗೆ ಮಿತಿಯನ್ನು ಹಾಕಿತು. ಅದು ಒಳ್ಳೆಯದೇ. ಆದರೆ ಚೀಟಿ ಕೊಡುವುದು ಬೇರೆ, ವಿದ್ಯೆ ಕೊಡುವುದು ಬೇರೆ. ಜನರಲ್ ತಿಮ್ಮಯ್ಯನವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿಯು ನಮ್ಮ ರಾಜ್ಯದಲ್ಲಿಯೇ ಇದೆ. ಅದರ ಶಿಕ್ಷಕರನ್ನು ಕರೆಸಿ, ಸಂಡೂರಿನ ಬೆಟ್ಟಗಳಲ್ಲಿಯೂ ಹಂಪಿಯ ಸ್ಮಾರಕಗಳಿಗೆ ದೂರವಾದ ಬಂಡೆಗಳಲ್ಲಿಯೂ ವರ್ಷಕ್ಕೊಮ್ಮೆ ಹತ್ತು ದಿನಗಳ ಶಿಬಿರವನ್ನು ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳ ಅಧಿಕಾರಿಗಳು ಏಕೆ ನಡೆಸಬಾರದು? ಹಗ್ಗ ಕಟ್ಟುವುದು, ನಕಾಶೆ ಓದುವುದು, ದಿಕ್ಸೂಚಿ ಹಿಡಿದು ಮಂಜಿನಲ್ಲಿ ದಾರಿ ಕಾಣುವುದು, ಗಾಯಾಳುವನ್ನು ಹೊತ್ತು ಇಳಿಸುವುದು, ಇವನ್ನು ಇಲ್ಲಿಯೇ ಕಲಿಯಬಹುದು. ನದಿಯ ಪಾಠಕ್ಕೆ ಹರಿಗೋಲಿನವರನ್ನೇ ಸಂಬಳ ಕೊಟ್ಟು ಗುರುಗಳನ್ನಾಗಿ ನೇಮಿಸತಕ್ಕದ್ದು. ಇಲ್ಲಿ ತೇರ್ಗಡೆಯಾದ ಬಡ ವಿದ್ಯಾರ್ಥಿಗಳನ್ನು ಉತ್ತರಕಾಶಿಯ ಸಂಸ್ಥೆಗೋ ಗುಲ್ಮಾರ್ಗದಲ್ಲಿರುವ ಕೇಂದ್ರ ಸರಕಾರದ ಸ್ಕೀ ಶಾಲೆಗೋ ವೇತನ ಕೊಟ್ಟು ಕಳುಹಿಸತಕ್ಕದ್ದು. ನಮ್ಮ ಬೆಟ್ಟಗಳ ಅದಿರಿನಿಂದ ಐಶ್ವರ್ಯವಂತರಾದವರಿಗೆ ಈ ವೆಚ್ಚವು ಭಾರವಾಗಲಾರದು.

ತಂದೆತಾಯಿಗಳಿಗೂ ಒಂದು ಮಾತು. ಮಗನು ಹಿಮಾಲಯಕ್ಕೆ ಹೊರಟಾಗ ಹಣವೆಷ್ಟೆಂದು ಕೇಳಿ ಸುಮ್ಮನಾಗಬೇಡಿರಿ. ಮುಂದಾಳು ಯಾರು, ಅವನು ಎಲ್ಲಿ ಕಲಿತವನು, ಹವೆ ಕೆಟ್ಟರೆ ಹಿಂದಿರುಗಿಸುವ ಅಧಿಕಾರವು ಯಾರಿಗುಂಟು, ಗೊತ್ತಾದ ದಿನ ಬಾರದಿದ್ದರೆ ಯಾರಿಗೆ ಸುದ್ದಿ ಕೊಡಬೇಕು, ಈ ನಾಲ್ಕನ್ನು ಕೇಳಿರಿ. ಉತ್ತರ ದೊರೆಯದಿದ್ದರೆ ಆ ವರ್ಷ ಬೇಡವೆನ್ನಿರಿ.

ಆ ಮೂವರು ತರುಣರಿಗೆ ನಾವು ಹೋಗಬೇಡಿರೆಂದು ಹೇಳಲಿಲ್ಲ. ಮೊದಲು ಕಲಿಯಿರಿ, ಆಮೇಲೆ ಹೋಗಿರಿ, ತಪ್ಪದೆ ಬನ್ನಿರಿ ಎಂದೆವು. ಅವರು ಒಪ್ಪಿ ಹೋಗಿದ್ದಾರೆ. ಆದರೆ ಎಲ್ಲಿ ಕಲಿಯಬೇಕೆಂದು ಅವರು ಕೇಳಿದ ಪ್ರಶ್ನೆಗೆ ಈ ಊರಿನಲ್ಲಿ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಕೊಡತಕ್ಕವರು ಅಧಿಕಾರಸ್ಥರು. ಮುಂದಿನ ಚಳಿಗಾಲದೊಳಗೆ ಕೊಡುವರೆಂದು ನಂಬಿದ್ದೇವೆ.